ಸದ್ದಿಲ್ಲದ ಬಾಗಿಲು

ಕಡಲಡಿಯ ಕಿನ್ನರರ ನಡುವೆ ಬಾಗಿಲು ಮೇಸ್ತ್ರಿಯಾಗಿ ಬದುಕುವುದೆಂದರೆ ಒಂದು ತಮಾಷೆ. ಅಲ್ಲಿ ಬಾಗಿಲಿನ ಅಗತ್ಯವೇ ಇಲ್ಲ. ಮನೆಗಳಿಗೆ ಹವಳದ ಕಲ್ಲಿನ ಗೋಡೆಯುಂಟು, ಸೂರಿಲ್ಲ. ಹಗಲಿರುಳು ನೀರಿನೊಳಗೇ ಇರುವವರು ಸೂರು ಕಟ್ಟಿಕೊಂಡು ಏನಾಗಬೇಕು? ಯಾರಾದರೂ ಒಮ್ಮೆ ಕಾಲು ಬಡಿದರೆ ಸಾಕು, ಗೋಡೆ ದಾಟಿ ನಡುಮನೆಗೇ ಇಳಿಯಬಹುದು. ಆದರೆ ಯಾರೂ ಇಳಿಯುವುದಿಲ್ಲ. 'ಮೇಲಿಂದ ಬಂದವನು' ಎನ್ನುವುದು ಅವರಲ್ಲಿ ದೊಡ್ಡ ಬೈಗುಳ. ಕಳ್ಳನಿಗೂ ಅದೇ ಮಾತು, ಹೇಳದೆ ಕೇಳದೆ ಬಂದು ಠಿಕಾಣಿ ಹೂಡುವ ಅಳಿಯನಿಗೂ ಅದೇ ಮಾತು.

ಹಿಂದೆ ಅವರೂ ನೆಲದ ಮೇಲೆ ಇದ್ದವರಂತೆ. ಕಡಲು ಒಂದೇ ದಿನ ನುಗ್ಗಿ ಬಂದದ್ದಲ್ಲ. ಅಂಗಳಕ್ಕೆ ಬಂತು, ಮೆಟ್ಟಿಲಿಗೆ ಬಂತು, ಹೊಸ್ತಿಲಿಗೆ ಬಂತು. ಅಷ್ಟಾಗುವುದಕ್ಕೆ ತಲೆಮಾರುಗಳೇ ಹಿಡಿದವು. ಜಾಣರು ಹಡಗು ಹತ್ತಿ ಹೋದರು. ಉಳಿದವರು ಇವತ್ತು ಹೋದರಾಯಿತು, ನಾಳೆ ಹೋದರಾಯಿತು ಎನ್ನುತ್ತಲೇ ಇದ್ದರು. ಅಷ್ಟರಲ್ಲಿ ಅವರ ಮಕ್ಕಳ ಮಕ್ಕಳಿಗೆ ಕಿವಿ ಚೂಪಾಗಿ, ಕತ್ತಿನ ಬದಿಯಲ್ಲಿ ಕಿವಿರು ಮೂಡಿ, ಹೋಗುವ ಮಾತೇ ಮುಗಿದುಹೋಯಿತು. ಇದನ್ನು ಅವರು ಎದೆಗಾರಿಕೆಯ ಕತೆ ಎಂದು ಹೇಳಿಕೊಳ್ಳುತ್ತಾರೆ. ನನ್ನನ್ನು ಕೇಳಿದರೆ ಶುದ್ಧ ಸೋಮಾರಿತನದ ಕತೆ. ಆದರೆ ಒಂದು ಮಾತು ಒಪ್ಪಲೇಬೇಕು: ಹಳೆಯ ಗೋಡೆಗಳು ಕುಸಿದು ಇನ್ನೂ ಕೆಳಗೆ ಹೊಸ ಮನೆ ಕಟ್ಟಿಕೊಂಡಾಗ, ಪಾತ್ರೆ ಪಡಗ ಎಲ್ಲ ಬಿಟ್ಟುಬಂದ ಜನ ತಮ್ಮ ತಮ್ಮ ಬಾಗಿಲನ್ನು ಮಾತ್ರ ಹೊತ್ತು ತಂದರು. ಅಲ್ಲಿಂದ ಮುಂದೆ ಮನೆತನ ಎಂದರೆ ಬಾಗಿಲು ಎಂದಾಯಿತು. ಹೊಸಬರು ಎದುರಾದರೆ ಮೊದಲು ಕೇಳುವುದೇ 'ಯಾವ ಬಾಗಿಲಿನವರು?' ಎಂದು. ಒಂದೇ ಬಾಗಿಲಿನವರು ಮದುವೆಯಾಗುವ ಹಾಗಿಲ್ಲ.

ನೆಲ ಬಿಟ್ಟರೂ ನೆಲದ ಜಂಬ ಬಿಟ್ಟಿರಲಿಲ್ಲ. ಮರ್ಯಾದಸ್ಥರು ಬೀದಿಯಲ್ಲಿ ಈಜುವುದಿಲ್ಲ. ಕಲ್ಲಿನ ಚಪ್ಪಲಿ ಮೆಟ್ಟಿಕೊಂಡು ನಡೆಯುತ್ತಾರೆ. ಯಾರ ಮನೆಗಾದರೂ ಹೋದರೆ ಬಾಗಿಲಲ್ಲಿ ಚಪ್ಪಲಿ ಬಿಡುತ್ತಾರೆ, ಬಿಟ್ಟ ಕೂಡಲೇ ಮೆಲ್ಲಗೆ ತೇಲತೊಡಗುತ್ತಾರೆ. ಅದಕ್ಕೇ ಮನೆಯವರು ನೆಂಟರನ್ನು ಕೂರಿಸಿ ಮಡಿಲಿಗೊಂದು ಕಲ್ಲು ಇಡುವುದು. ದೊಡ್ಡ ಕಲ್ಲು ಇಟ್ಟರೆ ನಿಧಾನಕ್ಕೆ ಹೋಗಿ ಎಂದರ್ಥ. ಚಿಕ್ಕ ಕಲ್ಲು ಇಟ್ಟರೆ ಬಂದ ಕೆಲಸ ಹೇಳಿ ಹೊರಡಿ ಎಂದರ್ಥ.

ನಮ್ಮ ಮೇಸ್ತ್ರಿ ಇಂಥ ಊರಿನ ಒಂದು ಬೀದಿಯಲ್ಲಿ ತನ್ನ ತಾಯಿಯ ಜೊತೆ ಇದ್ದ. ಅಪ್ಪನೂ ಮೇಸ್ತ್ರಿಯೇ. ಅಪ್ಪ ದಾಟಿಹೋಗಿ ಬಹಳ ಕಾಲವಾಗಿತ್ತು. ಅಕ್ಕ ಮದುವೆಯಾಗಿ ಬೀದಿಯ ಆ ತುದಿಯ ಬಾಗಿಲಿಗೆ ಸೇರಿದ್ದಳು. ಇವನಿಗೆ ಮದುವೆ ಕೂಡಿಬರಲಿಲ್ಲ. ಹೆಣ್ಣು ನೋಡಲು ಹೋದಲ್ಲೆಲ್ಲ ಹೆಣ್ಣಿಗಿಂತ ಹೆಚ್ಚಾಗಿ ಅವರ ಬಾಗಿಲನ್ನೇ ನೋಡಿ, 'ಕೀಲು ಸಡಿಲವಾಗಿದೆ' ಎಂದು ಹೇಳಿ ಬರುತ್ತಿದ್ದ. ಯಾರು ಹೆಣ್ಣು ಕೊಡುತ್ತಾರೆ?

ಕೆಲಸದಲ್ಲಿ ಮಾತ್ರ ಎತ್ತಿದ ಕೈ. ಮರ ಕೊರೆಯುವ ಹುಳು ಕಡಲಡಿಯಲ್ಲಿ ಯಾವ ಬಾಗಿಲನ್ನೂ ಬಿಡುವುದಿಲ್ಲ. ಒಂದು ಹಲಗೆ ಟೊಳ್ಳಾದರೆ ಮೇಸ್ತ್ರಿ ಅದನ್ನು ಬಿಚ್ಚಿ, ಮೇಲಿಂದ ಮುಳುಗಿ ಬಂದ ಹಡಗಿನ ಹಲಗೆಯೊಂದನ್ನು ಉಳಿಯಿಂದ ಕೆತ್ತಿ, ಶಾರ್ಕಿನ ಚರ್ಮದಿಂದ ಉಜ್ಜಿ, ಕೂರಿಸುತ್ತಿದ್ದ. ಹೀಗೆ ಕೂರಿಸಿ ಕೂರಿಸಿ ಪೂರ್ವಿಕರು ಹೊತ್ತು ತಂದ ಮರದ ಒಂದು ಚೂರೂ ಈಗ ಯಾವ ಬಾಗಿಲಲ್ಲೂ ಉಳಿದಿರಲಾರದು. ಆ ಮಾತನ್ನು ಯಾರೂ ಎತ್ತುತ್ತಿರಲಿಲ್ಲ. ಮೇಸ್ತ್ರಿಯ ಹೆಮ್ಮೆಯೇ ಬೇರೆ: ಅವನು ಕೂರಿಸಿದ ಬಾಗಿಲು ಸದ್ದು ಮಾಡುತ್ತಿರಲಿಲ್ಲ. ತಾಯಿಗೆ ವಯಸ್ಸಾದ ಮೇಲಂತೂ ಸ್ವಂತ ಮನೆಯ ಬಾಗಿಲಿನ ಕೀಲುಗಳಿಗೆ ಚರ್ಮ ಸುತ್ತಿ, ಹೊಸ್ತಿಲಿಗೆ ಉಜ್ಜುತ್ತಿದ್ದ ಮೂಲೆಯನ್ನು ಕೆತ್ತಿ, ಹೊರಗಿನಿಂದ ಮೊಣಕೈ ತಾಗಿಸಿದರೂ ತೆರೆಯುವಂಥ ಚಿಲಕ ಹಾಕಿದ. ಅಮ್ಮ ಎದ್ದು ಬರಬಾರದು, ಅವಳ ನಿದ್ದೆ ಕೆಡಬಾರದು ಎಂದು. ಬಂದವರೆಲ್ಲ ಬಾಗಿಲನ್ನು ಹಿಂದೆ ಮುಂದೆ ಆಡಿಸಿ ನೋಡಿ ಹೊಗಳಿದ್ದೇ ಹೊಗಳಿದ್ದು. ತಾಯಿ ಬಾಗಿಲಿಗೆ ಬೆನ್ನು ಹಾಕಿ ಕೂತು ಪಾಚಿ ನಾರಿನ ಚಾಪೆ ನೇಯುತ್ತಿದ್ದಳು.

ಕಿನ್ನರರು ನಮ್ಮ ಹತ್ತಾರು ತಲೆಮಾರುಗಳಷ್ಟು ಕಾಲ ಬದುಕುತ್ತಾರೆ. ಬದುಕು ತುಂಬಿತು ಎಂಬುದಕ್ಕೆ ಗುರುತು ಒಂದೇ: ಕಿವಿಯ ತುದಿ ಗಾಜಿನಂತೆ ತಿಳಿಯಾಗುತ್ತದೆ. ಆಮೇಲೆ ಕಾಯುವುದು ತಣ್ಣನೆಯ ಸೆಳವಿಗೆ. ಎಷ್ಟೋ ವರ್ಷಕ್ಕೊಮ್ಮೆ ಅದು ಊರಿನೊಳಗೆ ಹಾದು ಆಳದ ಕಣಿವೆಗೆ ಹರಿಯುತ್ತದೆ, ಕೆಲವೇ ದಿನ ಇದ್ದು ನಿಂತುಬಿಡುತ್ತದೆ. ಹೋಗಬೇಕಾದವರು ತಮ್ಮ ಬಾಗಿಲ ಮುಂದೆ ನಿಂತು 'ಇದು ನನ್ನ ಬಾಗಿಲು' ಎಂದು ಬಾಯಿಬಿಟ್ಟು ಹೇಳಿ, ತಮ್ಮ ಕೈಯಾರೆ ತೆರೆದು, ಹೊಸ್ತಿಲ ಹೊರಗೆ ಚಪ್ಪಲಿ ಬಿಡಬೇಕು. ಸೆಳವು ಎತ್ತಿಕೊಂಡು ಹೋಗುತ್ತದೆ, ಮೊದಲು ಹೋದ ಮನೆಯವರು ಇರುವಲ್ಲಿಗೆ. ಬೇರೆಯವರ ಬಾಗಿಲಿಂದ ಹೋದರೆ ಬೇರೆಯವರ ನಡುವೆ ಹೋಗಿ ಬೀಳುತ್ತಾರಂತೆ. ಸೆಳವು ತಪ್ಪಿಸಿಕೊಂಡವರು ಮನೆಯೊಳಗೇ ಸ್ವಲ್ಪ ಸ್ವಲ್ಪವಾಗಿ ನೊರೆಯಾಗಿ ಹೋಗುತ್ತಾರೆ. ನೊರೆ ಎಲ್ಲಿಗೆ ಹೋಗುತ್ತದೆ ಎಂದು ಯಾರಿಗೂ ಗೊತ್ತಿಲ್ಲ.

ಆ ವರ್ಷ ತಾಯಿಯ ಕಿವಿ ತಿಳಿಯಾಯಿತು. ಸೆಳವೂ ಬಂತು. ಅಕ್ಕ ಬಂದು ತಾಯಿಗೆ ಹೊಸ ಬಟ್ಟೆ ಉಡಿಸಿದಳು, ಬೀದಿಯವರು ಹೊರಗೆ ಸಾಲಾಗಿ ನಿಂತರು. ತಾಯಿ ಎದ್ದು ಬಂದು ಬಾಗಿಲನ್ನು ಮೇಲಿಂದ ಕೆಳಗೆ ನೋಡಿದಳು.

"ಇದು ನಮ್ಮ ಬಾಗಿಲಲ್ಲ," ಎಂದಳು.

ಎಲ್ಲರಿಗೂ ನಗು ಬಂತು. ಮೇಸ್ತ್ರಿಯೂ ನಕ್ಕ.

"ಅಮ್ಮಾ, ಸರಿಯಾಗಿ ನೋಡು. ನಮ್ದೇ."

"ನೋಡ್ದೆ ಕಣೋ. ನಾನು ಇಷ್ಟು ಕಾಲ ಬಾಳಿದ ಮನೆ ಬಾಗಿಲು ನನಗೆ ಗೊತ್ತಾಗಲ್ವಾ? ನಮ್ದನ್ನ ಯಾರಿಗೆ ಕೊಟ್ಟೆ?"

"ಯಾರಿಗೂ ಕೊಟ್ಟಿಲ್ಲಮ್ಮ."

"ಹಾಗಾದ್ರೆ ಹುಡುಕ್ಕೊಂಡು ಬಾ. ನಾನು ಕಾಯ್ತೀನಿ," ಎಂದು ತಿರುಗಿ ಹೋಗಿ ಚಾಪೆ ನೇಯಲು ಕೂತಳು.

ಹೊಸ ಬಟ್ಟೆ ಉಟ್ಟು ಚಾಪೆ ನೇಯುತ್ತಿದ್ದ ತಾಯಿಯನ್ನು ನೋಡಿ ಮೇಸ್ತ್ರಿ ಕಕ್ಕಾಬಿಕ್ಕಿಯಾದ. ಯಾಕೆಂದರೆ ಅವನ ತಲೆಯೊಳಗೆ ಒಂದು ಹುಳು ಹೊಕ್ಕಿತ್ತು. ಹಿಂದೆ ಒಂದು ವರ್ಷ ದೊಡ್ಡ ಸುಳಿಯೆದ್ದು ಬೀದಿಯ ಬಾಗಿಲುಗಳನ್ನೆಲ್ಲ ಕಿತ್ತು ಒಂದೆಡೆ ರಾಶಿ ಹಾಕಿತ್ತು. ಅವನ್ನೆಲ್ಲ ವಿಂಗಡಿಸಿ ಮತ್ತೆ ಕೂರಿಸಿದ್ದು ಇವನೇ. ಇವರ ಬಾಗಿಲು ಮತ್ತು ಎದುರುಮನೆಯ ಬಾಗಿಲು ಅಪ್ಪನ ಕೈಯಲ್ಲಿ ಒಂದೇ ಹಡಗಿನ ಹಲಗೆಯಿಂದ ದುರಸ್ತಿಯಾಗಿದ್ದವು, ಅವಳಿ ಮಕ್ಕಳ ಹಾಗಿದ್ದವು. ಅವತ್ತು ಯಾವುದನ್ನು ಎಲ್ಲಿ ಕೂರಿಸಿದೆ? ಎಷ್ಟು ನೆನೆದರೂ ನೆನಪು ಕೈಗೆ ಸಿಗಲಿಲ್ಲ.

ಎದುರುಮನೆಯಲ್ಲಿದ್ದವರು ಮಳೆ ಅಜ್ಜ. ಹೆಂಡತಿ ಮಕ್ಕಳೆಲ್ಲ ಹಿಂದಿನ ಸೆಳವುಗಳಲ್ಲಿ ದಾಟಿಹೋಗಿ ಒಬ್ಬರೇ ಉಳಿದಿದ್ದರು. ಯಾರೇ ಎದುರಾದರೂ ತಲೆಯೆತ್ತಿ ನೋಡಿ 'ಮಳೆ ಬರೋ ಹಾಗಿದೆ' ಎನ್ನುವುದು ಅವರ ಅಭ್ಯಾಸ. ನೆಲದ ಕಾಲದಿಂದ ಬಂದ ಮಾತು. ಮಳೆಯೆಂದರೇನು ಎಂದು ಅಜ್ಜನಿಗೂ ಗೊತ್ತಿರಲಿಲ್ಲ, ಅವರ ಅಜ್ಜನಿಗೂ ಗೊತ್ತಿರಲಿಲ್ಲ. ಮಕ್ಕಳು ಹಿಂದಿನಿಂದ ಅಣಕಿಸುತ್ತಿದ್ದರು. ಮೇಸ್ತ್ರಿಯೂ ಚಿಕ್ಕವನಿದ್ದಾಗ ಅಣಕಿಸಿದವನೇ.

"ಮಳೆ ಬರೋ ಹಾಗಿದೆ," ಎಂದರು ಅಜ್ಜ, ಬಾಗಿಲಿಗೆ ಬಂದ ಮೇಸ್ತ್ರಿಯನ್ನು ಕಂಡು.

"ಬರಲಿ ಬಿಡಿ. ಅಜ್ಜಾ, ನಿಮ್ಮ ಬಾಗಿಲು ಒಂದು ದಿನದ ಮಟ್ಟಿಗೆ ಬೇಕಿತ್ತು."

"ಬಾಗಿಲನ್ನೂ ಸಾಲ ಕೇಳೋ ಕಾಲ ಬಂತಾ? ತಗೊಂಡು ಹೋಗು. ನಮ್ಮನೆಗೆ ಬರೋರು ತಾನೇ ಯಾರಿದಾರೆ?"

ಮೇಸ್ತ್ರಿ ಅಜ್ಜನ ಬಾಗಿಲನ್ನು ತಂದು ತನ್ನ ಚೌಕಟ್ಟಿಗೆ ಕೂರಿಸಿದ. ಕೀಲಿಗೆ ಚರ್ಮ ಸುತ್ತಿದ, ಮೂಲೆ ನಯ ಮಾಡಿದ, ಅಂಥದೇ ಚಿಲಕ ಹಾಕಿದ, ತನ್ನ ಹೆಸರಿಗೆ ತಕ್ಕ ಕೆಲಸ. ಗಾಳಿಯಂತೆ ತೆರೆಯಿತು ಎಂದು ನೆಲದವರಾದರೆ ಹೇಳುತ್ತಿದ್ದರೇನೋ. ಬಾಗಿಲು ತಳ್ಳಿ ಒಳಗೆ ಬಂದು ತಾಯಿಯ ಹೆಗಲು ಮುಟ್ಟಿದ. ಅವಳು ಬೆಚ್ಚಿಬಿದ್ದಳು.

"ಯಾವಾಗ ಬಂದೆಯೋ? ಮೇಲಿಂದ ಬಂದವನ ಹಾಗೆ!"

"ಬಾಗಿಲಿಂದಲೇ ಬಂದೆ. ನೋಡು, ನಮ್ಮ ಬಾಗಿಲು ಸಿಕ್ತು."

ತಾಯಿ ಬಂದಳು, ನೋಡಿದಳು, ಮುಖ ಸಿಂಡರಿಸಿದಳು. "ಇದೂ ಅಲ್ಲ."

ಅಷ್ಟು ಹೊತ್ತಿಗೆ ಬೀದಿಗೆಲ್ಲ ಸುದ್ದಿ ಹಬ್ಬಿತ್ತು. ಮೇಸ್ತ್ರಿಗೇ ಅವನ ಮನೆ ಬಾಗಿಲು ಗೊತ್ತಿಲ್ಲವಂತೆ! ಹಾಗಾದರೆ ಉಳಿದವರ ಗತಿ? ಜನ ತಮ್ಮ ತಮ್ಮ ಬಾಗಿಲ ಮುಂದೆ ಹೋಗಿ ನಿಂತು ಅನುಮಾನದಿಂದ ನೋಡತೊಡಗಿದರು. ಹಾಗೆ ನೋಡಿದರೆ ಯಾವ ಬಾಗಿಲೂ ನಮ್ಮದು ಅನ್ನಿಸುವುದಿಲ್ಲ. ದೀಪದಂತೆ ಹೊಳೆಯುವ ಚಿಪ್ಪು ಮಾರುವವನ ಮನೆಯಲ್ಲಿ ರಂಪವೇ ಆಯಿತು.

"ನಮ್ಮ ಮದುವೆ ಆದದ್ದು ಸುಳಿ ಬಂದ ಮೇಲೆ," ಎಂದಳು ಅವನ ಹೆಂಡತಿ. "ಬಾಗಿಲು ಅದಲುಬದಲಾಗಿದ್ರೆ ನಾನು ಯಾರ ಮನೆಗೆ ಸೊಸೆಯಾಗಿ ಬಂದೆ?"

"ನಮ್ಮನೆಗೇ ಬಂದಿದ್ದು."

"ನೀವ್ಯಾರು ಹಾಗಾದ್ರೆ?"

ಚಿಪ್ಪು ಮಾರುವವನು ಬಹಳ ಹೊತ್ತು ಯೋಚಿಸಿದ. ಆಮೇಲೆ ಸೀದಾ ಮೇಸ್ತ್ರಿಯ ಬಳಿ ಬಂದು, "ಸ್ವಾಮಿ, ನಾನ್ಯಾರು?" ಎಂದು ಕೇಳಿದ.

ಮೇಸ್ತ್ರಿಗೆ ತಲೆ ಕೆಟ್ಟು ಕೆಸರಾಯಿತು. ಬೀದಿಯ ಬಾಗಿಲುಗಳನ್ನು ಒಂದೊಂದಾಗಿ ಬಿಚ್ಚಿ ತಂದ, ಕೂರಿಸಿದ, ತೋರಿಸಿದ. ಅಲ್ಲ, ಅಲ್ಲ, ಇದಂತೂ ಅಲ್ಲವೇ ಅಲ್ಲ. ನಡುನಡುವೆ ತಾಯಿ ನೇಯ್ಗೆಯಿಂದ ತಲೆಯೆತ್ತದೆ ಗೊಣಗುತ್ತಿದ್ದಳು: "ಈ ಮನೆಗೆ ಈಗೀಗ ಯಾರೂ ಬರೋದೇ ಇಲ್ಲ." ದಿನವಿಡೀ ಅವಳ ಹಿಂದೆಯೇ ಓಡಾಡುತ್ತಿದ್ದ ಮೇಸ್ತ್ರಿಗೆ ಆ ಮಾತು ಕೇಳಿ ಉರಿದುಹೋಗುತ್ತಿತ್ತು. ಉರಿ ಎಂದರೇನೆಂದು ಅವರಿಗೆ ಗೊತ್ತಿಲ್ಲದಿದ್ದರೂ ಹೊಟ್ಟೆ ಮಾತ್ರ ಉರಿಯುತ್ತದೆ.

ಅಕ್ಕ ಬಂದು ಕೂಗಾಡಿದಳು. "ಊರವರ ಬಾಗಿಲೆಲ್ಲ ಸರಿಮಾಡ್ತೀಯ. ಹೆತ್ತ ತಾಯಿಗೆ ಒಂದು ಬಾಗಿಲು ತೋರಿಸೋಕಾಗಲ್ವಾ? ಸೆಳವು ಆಗಲೇ ಸಣ್ಣದಾಗ್ತಿದೆ. ಅಮ್ಮ ಇಲ್ಲೇ ನೊರೆಯಾಗಿ ಹೋದ್ರೆ ಅಪ್ಪನ ಮುಖಕ್ಕೆ ನಾವು ಏನು ಹೇಳೋದು?"

"ಅಮ್ಮ ಮರೆತಿದ್ದಾಳೋ, ನಾನು ತಪ್ಪಿದ್ದೇನೋ, ಅದೇ ತಿಳೀತಿಲ್ಲ ಅಕ್ಕ."

"ಏನೋ ಒಂದು ಮಾಡು!"

ಅಕ್ಕನಿಗೆ ಹೇಳದ ಇನ್ನೊಂದು ಗೊಂದಲವೂ ಅವನ ಎದೆಯಲ್ಲಿತ್ತು. ಬಾಗಿಲು ಸಿಗದಿದ್ದರೆ ಅಮ್ಮ ನೊರೆಯಾಗುತ್ತಾಳೆ. ಸಿಕ್ಕಿದರೆ ಅಮ್ಮ ಹೋಗುತ್ತಾಳೆ. ಸಿಗಲಿ ಎಂದು ಬೇಡಿಕೊಳ್ಳಬೇಕೋ, ಸಿಗದಿರಲಿ ಎಂದೋ? ಪ್ರತಿ ಸಲ ಅವಳು 'ಅಲ್ಲ' ಎಂದಾಗ ಅವನಿಗೆ ಹೆದರಿಕೆಯಾಗುತ್ತಿತ್ತು. ಹೆದರಿಕೆಯ ಬೆನ್ನಿಗೇ ಒಂದು ಸಂತೋಷವೂ ಆಗುತ್ತಿತ್ತು. ಆ ಸಂತೋಷಕ್ಕೆ ಅವನು ನಾಚಿ ಸಾಯುತ್ತಿದ್ದ.

ಸೆಳವು ನಿಲ್ಲುವ ದಿನ ಬಂತು. ಬೀದಿಯವರು ತಾಳ್ಮೆಗೆಟ್ಟು ತಮ್ಮ ತಮ್ಮ ಬಾಗಿಲು ಹಿಂದಕ್ಕೆ ಬೇಕೆಂದರು. ಮೇಸ್ತ್ರಿ ಒಂದೊಂದನ್ನೂ ಹೊತ್ತು ಕೊಟ್ಟ. ಕೊನೆಗೆ ಗೋಡೆಗೆ ಒರಗಿಸಿದ್ದ ಎರಡು ಉಳಿದವು: ಅವನದೊಂದು, ಅಜ್ಜನದೊಂದು. ಯಾವುದು ಯಾವುದೆಂದು ಈಗ ಖಂಡಿತ ಗೊತ್ತಿರಲಿಲ್ಲ. ಕೈಗೆ ಸಿಕ್ಕಿದ್ದನ್ನು ತನ್ನ ಮನೆಗೆ ಕೂರಿಸಿದ, ಇನ್ನೊಂದನ್ನು ಅಜ್ಜನಿಗೆ ಕೊಟ್ಟ. ಅಷ್ಟು ಸಲ ಬಿಚ್ಚಿ ಕೂರಿಸಿ ಚೌಕಟ್ಟೇ ಸೊಟ್ಟಗಾಗಿತ್ತು. ಕೀಲಿನ ಚರ್ಮ ಹರಿದುಹೋಗಿತ್ತು. ಬಾಗಿಲಿನ ಕೆಳಮೂಲೆ ಹೊಸ್ತಿಲಿಗೆ ಉಜ್ಜುತ್ತಿತ್ತು. ಜನ್ಮದಲ್ಲಿ ಇಷ್ಟು ಕೆಟ್ಟದಾಗಿ ಅವನು ಬಾಗಿಲು ಕೂರಿಸಿದವನಲ್ಲ. ಸರಿಮಾಡೋಣವೆಂದು ಮನೆಯಾಚೆಗಿನ ಕೆಲಸದ ಕೋಣೆಗೆ ಹೋಗಿ ಉಳಿ, ಸುತ್ತಿಗೆ, ಚರ್ಮದ ಸುರುಳಿ, ಎರಡು ಹಲಗೆ, ಎಲ್ಲವನ್ನೂ ಅವುಚಿಕೊಂಡು ಬಂದ.

ಬರುವಷ್ಟರಲ್ಲಿ ಬಾಗಿಲು ಮುಚ್ಚಿಕೊಂಡಿತ್ತು. ಮೊಣಕೈಯಿಂದ ಚಿಲಕ ತಾಗಿಸಿದ; ಸೊಟ್ಟಗಾದ ಚಿಲಕ ಕದಲಲಿಲ್ಲ. ಹೆಗಲು ಕೊಟ್ಟ, ಕದಲಲಿಲ್ಲ. ಎರಡೂ ಕೈ ತುಂಬ ಸಾಮಾನು. ಅಷ್ಟು ದಿನದ ಸಿಟ್ಟೆಲ್ಲ ಒಟ್ಟಿಗೆ ಬಂದು ಕಲ್ಲಿನ ಚಪ್ಪಲಿಯ ಕಾಲಿಂದ ಬಾಗಿಲಿಗೆ ಧಡ್ ಧಡ್ ಎಂದು ಒದ್ದ.

"ಯಾರೋ ಅದು ಕಾಲಲ್ಲಿ ಒದೆಯೋದು?" ಒಳಗಿಂದ ತಾಯಿಯ ದನಿ ಬಂತು. "ಎಷ್ಟು ಸಲ ಹೇಳಿದೀನಿ, ಬಾಗಿಲಿಗೆ ಕಾಲು ತಾಗಿಸಬೇಡ ಅಂತ!"

ಮೇಸ್ತ್ರಿಯ ಚೂಪು ಕಿವಿ ನಿಮಿರಿತು. ಈ ಬೈಗುಳ ಕೇಳಿ ಎಷ್ಟು ಕಾಲವಾಯಿತು! ಚಿಕ್ಕವನಿದ್ದಾಗ ಅಪ್ಪನ ಜೊತೆ ಮುಳುಗಿದ ಹಡಗುಗಳಿಂದ ಹಲಗೆ ಆರಿಸಿ ತರುತ್ತಿದ್ದ. ಕೈ ತುಂಬಿರುತ್ತಿತ್ತು, ಕಾಲಲ್ಲೇ ಒದೆಯುತ್ತಿದ್ದ. ಒಳಗಿಂದ ಅಮ್ಮ ಬೈಯುತ್ತ ಬಂದು, ಹೊಸ್ತಿಲಿಗೆ ಮೂಲೆ ಉಜ್ಜಿಸಿಕೊಂಡು ಬಾಗಿಲು ತೆಗೆಯುತ್ತಿದ್ದಳು. ಬಾಗಿಲಿಗೆ ಬೆನ್ನು ಹಾಕಿ ಕೂತು ಚಾಪೆ ನೇಯುವವಳು ಬಾಗಿಲನ್ನು ನೋಡಿದ್ದು ಯಾವಾಗ? ಅವಳಿಗೆ ಗೊತ್ತಿದ್ದದ್ದು ಈ ಒದೆತ, ಈ ಉಜ್ಜುವ ಸದ್ದು. ಅವೆರಡನ್ನೂ ಅವನು ತನ್ನ ಕೈಯಾರೆ, ಪ್ರೀತಿಯಿಂದ, ಕೆತ್ತಿ ತೆಗೆದಿದ್ದ.

ಒಳಗೆ ನೇಯ್ಗೆ ಬಿಟ್ಟು ಎದ್ದ ಸದ್ದಾಯಿತು.

"ಲೋ," ಎಂದಳು ತಾಯಿ. ದನಿ ಹತ್ತಿರ ಬಂದಿತ್ತು. "ನಮ್ಮ ಬಾಗಿಲು ಸಿಕ್ತೇನೋ?"

ಇಲ್ಲ ಎಂದರೆ ಅವಳು ಹೋಗಿ ಕೂತುಬಿಡುತ್ತಿದ್ದಳು. ಮೇಸ್ತ್ರಿಯ ಕೈಯಿಂದ ಹಲಗೆಗಳು ಜಾರಿದವು. ಅವನು ಎರಡೂ ಅಂಗೈಗಳನ್ನು ಬಾಗಿಲಿಗೆ ಒತ್ತಿ ಹಿಡಿದ. ಒಳಗಿಂದ ಅವಳು ಎಳೆಯುತ್ತಿದ್ದಾಳೆಂದು ಗೊತ್ತಾಗುತ್ತಿತ್ತು. ಒಳಕ್ಕೆ ಎಳೆದು ತೆಗೆಯುವ ಬಾಗಿಲನ್ನು ಹೊರಗಿನಿಂದ ತಳ್ಳಿ ಮುಚ್ಚುವುದಕ್ಕಾಗುವುದಿಲ್ಲ ಎಂದು ಅಷ್ಟು ದೊಡ್ಡ ಮೇಸ್ತ್ರಿಗೆ ಮೊದಲು ಹೊಳೆಯಲೇ ಇಲ್ಲ. ಹೊಳೆದ ಮೇಲೆ ಕೈ ತೆಗೆದು ಚಿಲಕವನ್ನು ಹಿಡಿದುಕೊಂಡ.

"ಬಿಡೋ ಮಗ," ಎಂದಳು ತಾಯಿ. "ಕೈ ತೆಗಿ."

"ಅಮ್ಮಾ, ಚೌಕಟ್ಟು ಸೊಟ್ಟಗಿದೆ. ನಾಳೆ ಸರಿಮಾಡಿಕೊಡ್ತೀನಿ. ನಾಳೆ ಹೋದ್ರಾಯ್ತು."

"ನಾಳೆ ಹೋದ್ರಾಯ್ತು ಅಂದೋರೆಲ್ಲ ಸೇರಿ ನಾವು ಹೀಗೆ ನೀರಲ್ಲಿ ಕೂತಿರೋದು," ಎಂದು ತಾಯಿ ನಕ್ಕಳು. "ತೆಗಿಯೋ."

ಮೇಸ್ತ್ರಿ ಕೈ ತೆಗೆದ. ಬಾಗಿಲು ಕರ್ರೆಂದು ಹೊಸ್ತಿಲಿಗೆ ಉಜ್ಜಿಕೊಂಡು ತೆರೆಯಿತು. ತಾಯಿ ಅದರ ಅಂಚನ್ನು ಸವರಿ, "ಇದು ನನ್ನ ಬಾಗಿಲು," ಎಂದಳು. ಯಾರಾದರೂ ಕೇಳಿಸಿಕೊಂಡರೋ ಇಲ್ಲವೋ ಎಂದು ಬೀದಿಯತ್ತ ನೋಡಿದಳು. ಅಕ್ಕ ಓಡಿ ಬರುತ್ತಿದ್ದಳು, ಓಡುವುದಕ್ಕಾಗದೆ ಚಪ್ಪಲಿ ಬಿಸಾಕಿ ಎಲ್ಲರೆದುರಿಗೇ ಈಜಿಕೊಂಡು ಬಂದಳು. ತಾಯಿ ಇಬ್ಬರ ಕೆನ್ನೆಯನ್ನೂ ಮುಟ್ಟಿದಳು.

"ಈ ಮೂಲೆ ಉಜ್ಜುತ್ತೆ," ಎಂದಳು ಮಗನಿಗೆ. "ಸರಿಮಾಡೋಕೆ ಹೋಗ್ಬೇಡ."

ಹೊಸ್ತಿಲ ಹೊರಗೆ ಒಂದು ಚಪ್ಪಲಿ ಬಿಟ್ಟಳು, ಇನ್ನೊಂದು ಬಿಟ್ಟಳು. ಸೆಳವು ಬಹಳ ಸಣ್ಣದಾಗಿತ್ತು, ಆದರೆ ಅವಳೂ ಹಗುರವಾಗಿದ್ದಳು. ಬೀದಿಯ ಮೇಲಿಂದ, ಸೂರಿಲ್ಲದ ಮನೆಗಳ ಮೇಲಿಂದ ಹೋಗುತ್ತಿದ್ದವಳನ್ನು ಇಬ್ಬರೂ ಕಾಣುವಷ್ಟು ಹೊತ್ತು ನೋಡಿದರು. ಅಕ್ಕ ಅತ್ತಳು. ಕಡಲಡಿಯಲ್ಲಿ ಕಣ್ಣೀರು ಕಾಣುವುದಿಲ್ಲ, ಹೆಗಲು ನಡುಗುವುದು ಕಾಣುತ್ತದೆ.

"ಇದು ಯಾವ ಬಾಗಿಲೋ?" ಎಂದು ಅಕ್ಕ ಮೆಲ್ಲಗೆ ಕೇಳಿದಳು. "ನಮ್ದಾ, ಅಜ್ಜಂದಾ?"

"ನಮ್ದೇ," ಎಂದ ಮೇಸ್ತ್ರಿ. ಅವನಿಗೆ ಗೊತ್ತಿರಲಿಲ್ಲ. ಅಮ್ಮ ಅಪ್ಪನ ಹತ್ತಿರ ಹೋದಳೋ, ಅಜ್ಜನ ಹೆಂಡತಿ ಮಕ್ಕಳ ನಡುವೆ ಹೋಗಿ ಬಿದ್ದಳೋ ಎಂದು ಅವನು ಎಷ್ಟೋ ದಿನ ಕೂತಲ್ಲಿ ನಿಂತಲ್ಲಿ ಯೋಚಿಸಿದ. ಅಲ್ಲಿ ಹೋಗಿ ಬಿದ್ದಿದ್ದರೂ ಅವಳು ಸುಮ್ಮನಿರುವವಳಲ್ಲ, ಅಪ್ಪನನ್ನು ಹುಡುಕಿಯೇ ಹುಡುಕುತ್ತಾಳೆ ಎಂದು ಒಮ್ಮೊಮ್ಮೆ ಸಮಾಧಾನವಾಗುತ್ತಿತ್ತು. ಒಮ್ಮೊಮ್ಮೆ ಆಗುತ್ತಿರಲಿಲ್ಲ.

ಕೆಲವು ದಿನದ ಮೇಲೆ ಮಳೆ ಅಜ್ಜ ಅವನನ್ನು ಬೀದಿಯಲ್ಲಿ ತಡೆದು ನಿಲ್ಲಿಸಿದರು.

"ಮೇಸ್ತ್ರಿ, ಒಂದು ಮಾತು. ನೀನು ನನಗೆ ವಾಪಸ್ ಕೊಟ್ಟೆಯಲ್ಲ, ಅದು ನನ್ನ ಬಾಗಿಲೇನಾ?"

"ಒದ್ದು ನೋಡಿ ಅಜ್ಜಾ. ಒಳಗಿಂದ ಯಾರಾದ್ರೂ ಬೈದ್ರೆ ನಿಮ್ದೇ."

ಅಜ್ಜ ತಮ್ಮ ಬಾಗಿಲ ಕಡೆ ತಿರುಗಿ ನೋಡಿದರು. "ನನ್ನನ್ನ ಬೈಯೋರು ಯಾರಿದಾರೋ?"

"ನನಗೂ ಇಲ್ಲ ಈಗ," ಎಂದ ಮೇಸ್ತ್ರಿ.

ಇಬ್ಬರೂ ಬೀದಿಯ ನಡುವೆ ನಿಂತರು. ಅಜ್ಜ ತಲೆಯೆತ್ತಿ ಮೇಲಕ್ಕೆ ನೋಡಿದರು, ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದರು.

"ಮಳೆ ಬರೋ ಹಾಗಿದೆ," ಎಂದರು. "ಬಾ, ಒಳಗೆ ಬಾ."

ಮೇಸ್ತ್ರಿಗೆ ನಗು ಬರಲಿಲ್ಲ. ಅವನೂ ತಲೆಯೆತ್ತಿ ಒಮ್ಮೆ ನೋಡಿ, ಅಜ್ಜನ ಹಿಂದೆ ಹೋಗಿ ಬಾಗಿಲಲ್ಲಿ ಚಪ್ಪಲಿ ಬಿಟ್ಟ. ಅಜ್ಜ ಅವನನ್ನು ಕೂರಿಸಿದರು. ಮೂಲೆಯಲ್ಲಿದ್ದ ಕಲ್ಲುಗಳಲ್ಲಿ ಹುಡುಕಿ, ಎಲ್ಲಕ್ಕಿಂತ ದೊಡ್ಡದನ್ನು ಎರಡೂ ಕೈಯಲ್ಲಿ ಎತ್ತಿ ತಂದು ಅವನ ಮಡಿಲಿಗೆ ಇಟ್ಟರು.